ತಾಳೆಗರಿಗೆ ಗಾಜಿನ ಪೆಟ್ಟಿಗೆ, ಕರಪತ್ರಕ್ಕೆ ರದ್ದಿ ಅಂಗಡಿ

ತಾಲ್ಲೂಕು ಸಾಹಿತ್ಯ ಸಮ್ಮೇಳನದ ಯಾವುದಾದರೂ ಸ್ಮರಣ ಸಂಚಿಕೆ ತೆರೆದು ನೋಡಿ. ಮಂತ್ರಿ ಮಹೋದಯರ ಶುಭ ಸಂದೇಶಗಳನ್ನು ದಾಟಿದರೆ ಮೊದಲಿಗೇ ಸಿಗುವುದು ತಾಲ್ಲೂಕಿನ ಇತಿಹಾಸದ ಲೇಖನ. ಸಾಗರದ್ದಾದರೆ ಅದು ಕೆಳದಿಯ ಚೌಡಪ್ಪನಿಂದ ಹೊರಟು, ಇಕ್ಕೇರಿಯ ಅಘೋರೇಶ್ವರನಿಗೆ ಕೈಮುಗಿದು, ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ಚೆನ್ನಮ್ಮನನ್ನು ನೆನೆದು, 1763ರಲ್ಲಿ ಹೈದರಾಲಿ ಬಿದನೂರು ಹಿಡಿದಲ್ಲಿಗೆ ನಿಂತುಬಿಡುತ್ತದೆ. ಮುಂದಿನ ಪ್ಯಾರಾ ನೇರ ಜೋಗ ಜಲಪಾತಕ್ಕೆ. ಅಲ್ಲಿಂದ ಇಲ್ಲಿಯವರೆಗಿನ ಇನ್ನೂರೈವತ್ತು ಚಿಲ್ಲರೆ ವರ್ಷ ಆ ಊರಲ್ಲಿ ಯಾರೂ ಗದ್ದೆ ಉತ್ತಿಲ್ಲ, ಸಾಲ ಮಾಡಿಲ್ಲ, ಜಗಳವಾಡಿಲ್ಲ ಎಂಬಂತೆ.

ಲೇಖಕರನ್ನು ದೂರಿ ಪ್ರಯೋಜನವಿಲ್ಲ. ಅವರು ನಂಬಿದ್ದನ್ನೇ ನಾವೆಲ್ಲ ನಂಬಿದ್ದೇವೆ. ಹಳೆಯದಾದಷ್ಟೂ ಇತಿಹಾಸ, ಅರಮನೆಗೆ ಹತ್ತಿರವಾದಷ್ಟೂ ಪರಂಪರೆ. ಸಣ್ಣ ಊರಿನ ಗ್ರಂಥಾಲಯವೋ ಸಂಘವೋ ಕಾಲೇಜೋ ಒಂದು ಪರಂಪರೆ ವಿಭಾಗ ತೆರೆಯಲು ಹೊರಟಾಗಲೂ ಅಳತೆಗೋಲು ಇದೇ. ತಾಳೆಗರಿಯ ಕಟ್ಟು ಸಿಕ್ಕರೆ ಗಾಜಿನ ಪೆಟ್ಟಿಗೆ, ತಾಮ್ರಪಟ ಸಿಕ್ಕರೆ ಪತ್ರಿಕೆಯಲ್ಲಿ ಫೋಟೊ. 1950ರ ದಶಕದ ಒಂದು ಕಟ್ಟು ಕರಪತ್ರ ಸಿಕ್ಕರೆ? ಜಾಗ ಇಲ್ಲ ಸಾರ್, ಅನ್ನುತ್ತಾರೆ. ಈ ಕ್ರಮ ತಲೆಕೆಳಗಾಗಿದೆ ಎಂಬುದು ನನ್ನ ವಾದ. ತಾಲ್ಲೂಕಿನ ಇತಿಹಾಸ ಬರೆಯಲು ಇವತ್ತು ತುರ್ತಾಗಿ ಬೇಕಾದದ್ದೂ, ಎಲ್ಲಕ್ಕಿಂತ ಬೇಗ ನಾಶವಾಗುತ್ತಿರುವುದೂ ಕಳೆದ ನೂರು ವರ್ಷದ ಅಗ್ಗದ ಕಾಗದ.

ಇದು ತಾಳೆಗರಿಯ ಮೇಲಿನ ಅಸಡ್ಡೆಯಿಂದ ಹೇಳುವ ಮಾತಲ್ಲ. ಕೆಳದಿಯಂಥ ಸಣ್ಣ ಊರಿನಲ್ಲಿ ಗುಂಡಾ ಜೋಯಿಸರು ಒಂದು ವಸ್ತುಸಂಗ್ರಹಾಲಯವನ್ನೂ ಇತಿಹಾಸ ಸಂಶೋಧನಾ ಕೇಂದ್ರವನ್ನೂ ಕಟ್ಟಿ ನಿಲ್ಲಿಸಿದರು. ತಿಗಳಾರಿ, ಮೋಡಿಯಂಥ ಲಿಪಿಗಳನ್ನು ಕೂತು ಓದಿದರು. ಅಂಥವರು ಇಲ್ಲದಿದ್ದರೆ ಎಷ್ಟೋ ಮನೆಗಳ ಅಟ್ಟದ ಓಲೆಗಳು ಒಲೆ ಸೇರುತ್ತಿದ್ದವು. ಅವರ ಮುಂದೆ ತಲೆಬಾಗಲೇಬೇಕು. ಆದರೆ ಅವರಿಂದ ನಾವು ಕಲಿತದ್ದು ತಪ್ಪು ಪಾಠ. ಮನೆಮನೆಯಲ್ಲಿ ಉಳಿದದ್ದನ್ನು ಊರಲ್ಲೇ ಒಟ್ಟುಮಾಡಿ ಓದುವ ಅವರ ವಿಧಾನವನ್ನು ಬಿಟ್ಟೆವು. ನಾಯಕ ಅರಸರು ಎಂಬ ವಿಷಯವನ್ನು ಮಾತ್ರ ಹಿಡಿದುಕೊಂಡೆವು.

ಹಳೆಯದು ಬೇಗ ಹಾಳಾಗುತ್ತದೆ, ಆದ್ದರಿಂದ ಅದಕ್ಕೇ ಮೊದಲ ಆದ್ಯತೆ ಎನ್ನುವವರಿದ್ದಾರೆ. ಕೇಳಲು ಸರಿ ಕಾಣುತ್ತದೆ, ಆದರೆ ಹಾಗಿಲ್ಲ. ಹದಮಾಡಿದ ತಾಳೆಗರಿ, ಆಗಾಗ ಎಣ್ಣೆ ಸವರಿ ಬಟ್ಟೆ ಸುತ್ತಿಟ್ಟರೆ, ಮಲೆನಾಡಿನ ಮಳೆಯಲ್ಲೂ ಮೂರು ನಾಲ್ಕು ಶತಮಾನ ಬಾಳುತ್ತದೆ. ಚಿಂದಿ ಬಟ್ಟೆಯಿಂದ ಮಾಡಿದ ಹಳೆಯ ಕೈಕಾಗದವೂ ಗಟ್ಟಿ. ಬಾಳದೆ ಇರುವುದು ಮರದ ತಿರುಳಿನಿಂದ ಮಾಡಿದ ಪತ್ರಿಕೆ ಕಾಗದ. ಅದರ ಆಮ್ಲವೇ ಅದನ್ನು ಒಳಗಿಂದ ತಿನ್ನುತ್ತದೆ. ಐವತ್ತು ಅರವತ್ತು ವರ್ಷಕ್ಕೆ ಹಳದಿಯಾಗಿ, ಮಡಚಿದಲ್ಲಿ ಮುರಿದು, ಕೈಗೆ ಹೊಟ್ಟಿನಂತೆ ಬರುತ್ತದೆ. ಅದರ ಮೇಲೆ ಗೆದ್ದಲು, ಬೂಷ್ಟು, ಆರು ತಿಂಗಳ ತೇವ ಬೇರೆ. ಚೆನ್ನಮ್ಮನ ಕಾಲದ ನಿರೂಪ ಇನ್ನೂ ಕಾಯಬಲ್ಲದು, ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರ ಕಾಲದ ಚುನಾವಣಾ ಕರಪತ್ರ ಕಾಯಲಾರದು.

ಶಾಸನಗಳ ವಿಷಯಕ್ಕೆ ಬರೋಣ. ಬಿ.ಎಲ್. ರೈಸ್ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಎಂಟನೇ ಸಂಪುಟದಲ್ಲಿ ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳನ್ನು 1904ರಲ್ಲೇ ಅಚ್ಚು ಹಾಕಿಸಿದರು. ಪಾಠವಿದೆ, ಅನುವಾದವಿದೆ, ತಾಲ್ಲೂಕುವಾರು ಸಂಖ್ಯೆಯಿದೆ. ನಾಳೆ ಯಾರೋ ಕಲ್ಲನ್ನು ಬಟ್ಟೆ ಒಗೆಯಲು ಬಳಸಿದರೂ (ಬಳಸಿದ್ದಾರೆ, ಬಳಸುತ್ತಲೂ ಇದ್ದಾರೆ) ಪಾಠವಾದರೂ ಉಳಿದಿದೆ. ಕರ್ನಲ್ ಮೆಕೆಂಝಿ ಎರಡು ಶತಮಾನದ ಹಿಂದೆ ಸಂಗ್ರಹಿಸಿದ ಕೈಫಿಯತ್ತುಗಳಲ್ಲೂ ಕನ್ನಡದವನ್ನು ಎಂ.ಎಂ. ಕಲಬುರ್ಗಿಯವರು ಸಂಪಾದಿಸಿ ಕೊಟ್ಟಿದ್ದಾರೆ. ಅಲ್ಲಿ ಮುಗಿದುಹೋಗಿದೆ ಎಂದಲ್ಲ, ಓದುವುದು ಬೇಕಾದಷ್ಟಿದೆ. ಆದರೆ ಸಾಮಗ್ರಿಗೆ ಒಂದು ಎರಡನೇ ಪ್ರತಿ ಇದೆ. 1951ಕ್ಕೆ ಅಂಥ ಎರಡನೇ ಪ್ರತಿ ಎಲ್ಲಿದೆ?

ಆ ವರ್ಷದ ಏಪ್ರಿಲ್‌ನಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ರೈತರು ಗದ್ದೆಗೆ ಇಳಿದರು. ಭತ್ತದ ಗೇಣಿ ಅಳೆಯುವ ಕೊಳಗದ ಗಾತ್ರ ಜಗಳದ ಮೂಲ. ಎಚ್. ಗಣಪತಿಯಪ್ಪನವರು ಕಟ್ಟಿದ ರೈತ ಸಂಘ, ಬೆನ್ನಿಗೆ ನಿಂತ ಸಮಾಜವಾದಿಗಳು, ನೇಗಿಲು ಹಿಡಿದು ಹೊಲಕ್ಕೆ ಹೋಗುವುದು, ಬಂಧನವಾಗುವುದು, ಮರುದಿನ ಇನ್ನೊಂದು ತಂಡ. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ತಾವೂ ಬಂಧನಕ್ಕೊಳಗಾದರು. ಮರುವರ್ಷದ ಚುನಾವಣೆಯಲ್ಲಿ ಶಾಂತವೇರಿ ಗೋಪಾಲಗೌಡರು ಸಾಗರ–ಹೊಸನಗರದಿಂದ ಗೆದ್ದು ವಿಧಾನಸಭೆಗೆ ಹೋದರು. 1974ರ ಭೂಸುಧಾರಣೆಯ ತಿದ್ದುಪಡಿಯ ಚರಿತ್ರೆಯನ್ನು ಕಾಗೋಡನ್ನು ಬಿಟ್ಟು ಬರೆಯಲಾಗುವುದಿಲ್ಲ. ಕೆಳದಿ ಅರಸರ ನಂತರ ಸಾಗರದಲ್ಲಿ ನಡೆದ ಯಾವ ಸಂಗತಿಯೂ ಇಡೀ ರಾಜ್ಯದ ಮೇಲೆ ಇಷ್ಟು ಪರಿಣಾಮ ಬೀರಿಲ್ಲ. ಜಿ. ರಾಜಶೇಖರ ಅವರು ಈ ಸತ್ಯಾಗ್ರಹದ ಬಗ್ಗೆ ಪುಸ್ತಕ ಬರೆದರು, ಸರಿ. ಆದರೆ ಒಬ್ಬರು ಬರೆದ ಪುಸ್ತಕ ಇತಿಹಾಸದ ಮೂಲ ಸಾಮಗ್ರಿಯ ಜಾಗ ತುಂಬುವುದಿಲ್ಲ. ಮುಂದಿನವರು ಅವರೊಂದಿಗೆ ಜಗಳವಾಡಬೇಕಾದರೂ ಕಾಗದ ಬೇಕು: ಸಂಘದ ರಸೀದಿ ಪುಸ್ತಕ, ಸಭೆಯ ಕರಪತ್ರ, ಊರ ವಾರಪತ್ರಿಕೆ, ಜೈಲಿನಿಂದ ಮನೆಗೆ ಬರೆದ ಕಾರ್ಡು, ಒಡೆಯರ ಮನೆಯ ಗೇಣಿ ಲೆಕ್ಕದ ಕಡತ. ಹೌದು, ಒಡೆಯರ ಕಡತವೂ. ಒಂದು ಕೊಳಗಕ್ಕೆ ಎಷ್ಟು ಸೇರು ಎಂಬ ಪ್ರಶ್ನೆಗೆ ಎರಡೂ ಕಡೆಯ ಲೆಕ್ಕ ಮೇಜಿನ ಮೇಲೆ ಇರಬೇಕು.

ಸರ್ಕಾರಿ ಪತ್ರಾಗಾರದಲ್ಲಿ ಎಲ್ಲ ಇರುತ್ತದಲ್ಲ ಎಂದು ವಾದಿಸುವವರೂ ಇದ್ದಾರೆ. ಸರ್ಕಾರಿ ಕಡತದಲ್ಲಿ ಸರ್ಕಾರಕ್ಕೆ ಕಂಡದ್ದು ಇರುತ್ತದೆ. ಸತ್ಯಾಗ್ರಹಿ ಅಲ್ಲಿ ಆರೋಪಿ, ಅವನ ಹಾಡು ಅಲ್ಲಿಲ್ಲ.

ಇನ್ನೊಂದು ಉದಾಹರಣೆ ಶರಾವತಿಯದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಊರು, ತೋಟ, ಗದ್ದೆ ಮುಳುಗಿದ್ದಲ್ಲದೆ ಹಿಂದಿನ ಹಿರೇಭಾಸ್ಕರ ಅಣೆಕಟ್ಟೆಯೇ ನೀರೊಳಗೆ ಹೋಯಿತು. ನೀರು ತಗ್ಗಿದ ಬೇಸಿಗೆಯಲ್ಲಿ ಅದು ಮೇಲೆ ಬಂದರೆ ಜನ ಸೆಲ್ಫಿಗೆ ಹೋಗುತ್ತಾರೆ. ಮುಳುಗಡೆಯ ಜನರ ಪಾಡನ್ನು ನಾಡಿಗೆ ತಿಳಿಸಿದ್ದು ಹೆಚ್ಚಾಗಿ ನಾ. ಡಿಸೋಜರ ಕತೆ ಕಾದಂಬರಿ. ಸರ್ಕಾರಿ ಕೆಲಸದಲ್ಲಿದ್ದುಕೊಂಡೇ ಸಾಗರದಲ್ಲಿ ಬಾಳಿದ ಲೇಖಕ ಕಣ್ಣಾರೆ ಕಂಡದ್ದನ್ನು ಬರೆದರು. ಅವರ 'ದ್ವೀಪ' ಸಿನಿಮಾ ಆದಮೇಲೆ ಹೊರಗಿನವರಿಗೂ ತಿಳಿಯಿತು. ಕಾದಂಬರಿ ಇರುವುದು ನಮ್ಮ ಪುಣ್ಯ. ಆದರೆ ಒಂದು ತಾಲ್ಲೂಕಿನ ಅಷ್ಟು ದೊಡ್ಡ ಸ್ಥಳಾಂತರಕ್ಕೆ ಕಾದಂಬರಿಯೇ ಮುಖ್ಯ ದಾಖಲೆ ಎನ್ನುವಂತಾಗಿದ್ದರೆ ಅದು ಕಾದಂಬರಿಕಾರರ ಹೆಮ್ಮೆ, ಗ್ರಂಥಾಲಯಗಳ ನಾಚಿಕೆ. ಪರಿಹಾರದ ನೋಟಿಸು, ಮನೆ ಬಿಡುವ ಮುನ್ನ ತೆಗೆಸಿದ ಗುಂಪು ಫೋಟೊ, ಮುಳುಗಿದ ಶಾಲೆಯ ಹಾಜರಿ ಪುಸ್ತಕ, ಹಳೆಯ ಊರಿನ ವಿಳಾಸ ಅಚ್ಚಾದ ಮದುವೆ ಕರೆಯೋಲೆ, ಇವು ಜಿಲ್ಲೆಯ ಮನೆಗಳ ಟ್ರಂಕಿನಲ್ಲಿವೆ. ಆ ಟ್ರಂಕಿನ ಒಡೆಯರಿಗೆ ಈಗ ಎಂಬತ್ತು ದಾಟಿದೆ.

ಇದು ಹಳೆಯ ಮಾತಾಯಿತು ಎನ್ನುವವರಿಗೆ ಹೊಸದನ್ನೇ ಹೇಳುತ್ತೇನೆ. 2025ರ ಜುಲೈಯಲ್ಲಿ ಇದೇ ಶರಾವತಿಯ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಹಿನ್ನೀರಿನ ಆಚೆಯ ಜನ ದಶಕಗಳ ಕಾಲ ಲಾಂಚ್ ಕಾದು ಬದುಕಿದವರು. ಹೆರಿಗೆ, ಪರೀಕ್ಷೆ, ಶವಯಾತ್ರೆ ಎಲ್ಲಕ್ಕೂ ಲಾಂಚಿನ ಸಮಯ. ಆ ಲಾಂಚಿನ ಟಿಕೆಟು, ವೇಳಾಪಟ್ಟಿಯ ಫಲಕ, ಸೇತುವೆಗಾಗಿ ಕೊಟ್ಟ ಮನವಿಗಳ ಪ್ರತಿ, ಇವನ್ನು ಯಾವ ಗ್ರಂಥಾಲಯವಾದರೂ ಕೇಳಿ ಪಡೆಯಿತೇ? ಇನ್ನೂರು ವರ್ಷ ಕಳೆದ ಮೇಲೆ ಯಾರಾದರೂ ಅದರ ಒಂದು ಟಿಕೆಟು ಕಂಡುಹಿಡಿದರೆ ನಾವು ಅವರನ್ನು ಸಂಶೋಧಕ ಎಂದು ಸನ್ಮಾನಿಸುತ್ತೇವೆ. ಇವತ್ತು ಎತ್ತಿಟ್ಟವನನ್ನು ಕೆಲಸವಿಲ್ಲದವನು ಎನ್ನುತ್ತೇವೆ.

ಗ್ರಂಥಾಲಯದ ವ್ಯವಸ್ಥೆಯೂ ಈ ತಪ್ಪಿಗೆ ಹೊರತಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಕರ್ನಾಟಕದ ಊರೂರಿಗೆ ಗ್ರಂಥಾಲಯ ಬಂತು. ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆ ಶೇ 6 ಗ್ರಂಥಾಲಯ ಕರ ಸೇರಿಕೊಂಡೇ ಬರುತ್ತದೆ. ಆದರೆ ಪುಸ್ತಕ ಬರುವ ದೊಡ್ಡ ದಾರಿ ಸಗಟು ಖರೀದಿ. ಬೆಂಗಳೂರಿನಲ್ಲಿ ಆಯ್ಕೆಯಾದ ಶೀರ್ಷಿಕೆಗಳೇ ಸಾಗರಕ್ಕೂ ಸಿಂಧನೂರಿಗೂ. ಪ್ರಕಾಶಕರು ಇದರಿಂದ ಉಸಿರಾಡುತ್ತಿದ್ದಾರೆ, ಆ ಬಗ್ಗೆ ನನಗೆ ತಕರಾರಿಲ್ಲ. ಆದರೆ ಪರಿಣಾಮ ನೋಡಿ: ಒಂದು ಊರಿನ ಗ್ರಂಥಾಲಯವನ್ನು ಇನ್ನೊಂದರಿಂದ ಬೇರೆ ಮಾಡುವುದು ಖರೀದಿಸಿದ ಪುಸ್ತಕಗಳಲ್ಲ, ಯಾರೋ ತೀರಿಕೊಂಡ ಮೇಲೆ ಮಕ್ಕಳು ತಂದು ಹಾಕಿದ ರಟ್ಟಿನ ಪೆಟ್ಟಿಗೆಗಳು. ದಾಸ್ತಾನು ಪುಸ್ತಕಕ್ಕೆ ಏರದ, ಬೆಲೆ ಇಲ್ಲದ, ಐಎಸ್‌ಬಿಎನ್ ಇಲ್ಲದ ಆ ಸಾಮಗ್ರಿಯೇ ರದ್ದತಿಗೆ ಮೊದಲ ಬಲಿ. ಸ್ಪರ್ಧಾತ್ಮಕ ಪರೀಕ್ಷೆಯ ಹೊಸ ಪುಸ್ತಕಕ್ಕೆ ಕಪಾಟು ಬೇಕೆಂದಾಗ ಖಾಲಿಯಾಗುವುದು ಅದೇ ಅರೆ. ಓದುವ ಹುಡುಗರಿಗೆ ಆ ಪುಸ್ತಕ ಬೇಕು, ನಿಜ. ಅದು ಬೇರೆ ಯಾವ ಊರಲ್ಲೂ ಸಿಗುತ್ತದೆ, ಇದು ಸಿಗುವುದಿಲ್ಲ. ಹೊರಹಾಕುವ ಮುನ್ನ ಕೇಳಬೇಕಾದ ಪ್ರಶ್ನೆ ಇದೊಂದೇ.

ಸ್ಕ್ಯಾನ್ ಮಾಡಿದರೆ ಆಯಿತಲ್ಲ ಎಂಬುದು ಈಗಿನ ಸಿದ್ಧ ಉತ್ತರ. ಸ್ಕ್ಯಾನ್ ಬೇಕು. ಅಂತರ್ಜಾಲದ ಪುಣ್ಯದಿಂದ ಕೈಗೆ ಸಿಗದಿದ್ದ ಹಳೆಯ ಕನ್ನಡ ಪುಸ್ತಕಗಳನ್ನು ನಾನೂ ಓದಿದ್ದೇನೆ. ಆದರೆ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಲ್ಲಿ ಕನ್ನಡ ಪುಸ್ತಕ ಹುಡುಕಿದವರಿಗೆ ಗೊತ್ತು: ರೋಮನ್ ಲಿಪಿಯಲ್ಲಿ ತಲೆಬುಡವಿಲ್ಲದ ಶೀರ್ಷಿಕೆ, ಲೇಖಕರ ಜಾಗದಲ್ಲಿ ಇನ್ಯಾರದೋ ಹೆಸರು, ನಡುವೆ ಮಾಯವಾದ ಪುಟ. ಮುದ್ರಿತ ಪುಸ್ತಕಕ್ಕೇ ಈ ಗತಿಯಾದರೆ ಬಿಡಿ ಕಾಗದದ ಪಾಡೇನು? ಕರಪತ್ರದ ಬೆಲೆ ಅರ್ಧ ಅದರ ಅಕ್ಷರದಲ್ಲಿ, ಇನ್ನರ್ಧ ಅದು ಯಾರ ಮನೆಯಲ್ಲಿ, ಯಾವ ಕಟ್ಟಿನಲ್ಲಿ, ಯಾವುದರ ಜೊತೆ ಇತ್ತು ಎಂಬುದರಲ್ಲಿ. ಸಂಘದ ಕರಪತ್ರವೊಂದು ಒಡೆಯರ ಲೆಕ್ಕದ ಕಡತದ ನಡುವೆ ಸಿಕ್ಕರೆ ಆ ಜಾಗವೇ ಒಂದು ಸಾಕ್ಷಿ. ಕಟ್ಟು ಬಿಚ್ಚಿ, ಒಂದೊಂದೇ ಹಾಳೆ ಸ್ಕ್ಯಾನ್ ಮಾಡಿ, ಮೂಲವನ್ನು ರದ್ದಿಗೆ ಹಾಕಿದರೆ ಚಿತ್ರ ಉಳಿಯುತ್ತದೆ, ಸಾಕ್ಷಿ ಹೋಗುತ್ತದೆ.

ಹಾಗಂತ ಊರಿನ ಕಪಾಟನ್ನು ದೇವರ ಪೀಠ ಮಾಡುವುದೂ ಬೇಡ. ಸ್ಥಳೀಯ ಅಭಿಮಾನಿಗಳೊಂದಿಗೆ ನನ್ನ ತಕರಾರು ಇರುವುದು ಇಲ್ಲಿ. ಗ್ರಂಥಾಲಯಕ್ಕೆ ಪೆಟ್ಟಿಗೆ ಕೊಡುವವರು ಯಾರು? ಮನೆಯಲ್ಲಿ ಕಾಗದ ಇದ್ದವರು. ಕಾಗದ ಇದ್ದವರು ಯಾರು? ಅಕ್ಷರವೂ ಅಡಿಕೆ ತೋಟವೂ ಇದ್ದವರು. ಸ್ಮರಣ ಸಂಚಿಕೆಯಲ್ಲಿ ಜಾಹೀರಾತು ಕೊಟ್ಟ ಮಂಡಿ ವರ್ತಕನ ಫೋಟೊ ಇದೆ, ಮಂಡಿಯಲ್ಲಿ ಮೂಟೆ ಹೊತ್ತವನದಿಲ್ಲ. ಕಾಗೋಡಿನಲ್ಲಿ ಹೊಲಕ್ಕಿಳಿದ ದೀವರ ರೈತರ ಮನೆಗಳಲ್ಲಿ ಕಡತಗಳ ರಾಶಿ ಇರಲಿಲ್ಲ. ಆ ಮನೆಗಳ ಹೆಂಗಸರ ಕೈಯಲ್ಲಿ ಹಸೆ ಚಿತ್ತಾರ ಇತ್ತು, ಬಾಯಲ್ಲಿ ಹಾಡು ಇತ್ತು. ಕಪಾಟಿನಲ್ಲಿ ಸಿಕ್ಕದ್ದನ್ನಷ್ಟೇ ನಂಬಿ ಬರೆದರೆ ಮತ್ತೆ ಒಡೆಯರ ಇತಿಹಾಸವೇ ಬರುತ್ತದೆ, ರಾಜನ ಜಾಗದಲ್ಲಿ ಜಮೀನ್ದಾರ ಬಂದಿರುತ್ತಾನೆ ಅಷ್ಟೇ. ಆದ್ದರಿಂದ ಪರಂಪರೆ ವಿಭಾಗದ ಗ್ರಂಥಪಾಲಕ ಕುರ್ಚಿ ಬಿಟ್ಟು ಏಳಬೇಕಾಗುತ್ತದೆ. ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಳ್ಳುವುದು, ಹೇಳಿದವರ ಹೆಸರು, ಊರು, ತಾರೀಕು ಬರೆದಿಡುವುದು ಅವನ ಕೆಲಸದ ಭಾಗವಾಗಬೇಕು. ಒಬ್ಬನೇ ಸಿಬ್ಬಂದಿ, ಅದೂ ಗೌರವಧನದ ಮೇಲೆ ಇರುವ ಕಡೆ ಇದನ್ನು ಕೇಳುವುದು ಅನ್ಯಾಯ ಎನ್ನಬಹುದು. ಒಪ್ಪುತ್ತೇನೆ. ಆಗ ಊರಿನ ಕಾಲೇಜಿನ ಇತಿಹಾಸ ವಿಭಾಗ ಏನು ಮಾಡುತ್ತಿದೆ ಎಂದು ಕೇಳೋಣ. ಪದವಿ ವಿದ್ಯಾರ್ಥಿಗಳು ವಿಜಯನಗರದ ಪತನಕ್ಕೆ ಕಾರಣಗಳನ್ನು ಬಾಯಿಪಾಠ ಮಾಡುವ ಬದಲು ತಮ್ಮ ಅಜ್ಜಿಯ ಊರು ಮುಳುಗಿದ್ದು ಹೇಗೆಂದು ಬರೆದು ತರಲಿ.

ಅಷ್ಟಕ್ಕೂ ಶಾಸನವನ್ನೂ ಈ ಕಾಗದವನ್ನೂ ಎದುರುಬದುರು ನಿಲ್ಲಿಸುವ ಅಗತ್ಯವೇ ಇಲ್ಲ. ರೈಸ್ ಅಚ್ಚು ಹಾಕಿಸಿದ ಕಲ್ಲುಗಳಲ್ಲಿ ದೊಡ್ಡ ಪಾಲು ಭೂಮಿಯ ದಾಖಲೆಗಳೇ: ಯಾರಿಗೆ ಎಷ್ಟು ಗದ್ದೆ, ಯಾವ ತೆರಿಗೆ ಮಾಫಿ, ನಾಲ್ಕು ದಿಕ್ಕಿನ ಗಡಿ ಯಾವುದು. 1974ರ ನಂತರ ತಾನು ಉತ್ತ ಭೂಮಿಯ ಹಕ್ಕು ಕೋರಿ ಗೇಣಿದಾರ ತುಂಬಿದ ಫಾರಂ ನಂ. 7 ಕೂಡ ಅದೇ ಬಗೆಯ ದಾಖಲೆ. ದಾನ ಪಡೆದವನದನ್ನು ಕಲ್ಲಿನಲ್ಲಿ ಓದಿ, ಉತ್ತವನದನ್ನು ಕಾಗದದಲ್ಲಿ ಓದದೆ ಬಿಟ್ಟರೆ ತಾಲ್ಲೂಕಿನ ಇತಿಹಾಸ ಅರ್ಧಕ್ಕೇ ನಿಂತಂತೆ.

ಕಾಗೋಡು ಸತ್ಯಾಗ್ರಹ ನಡೆದ 1951ರಿಂದ ಎಣಿಸಿದರೆ 2026ಕ್ಕೆ ಎಪ್ಪತ್ತೈದು ವರ್ಷ. ಆ ನೆಪದಲ್ಲಿ ಸಭೆ, ಹಾರ, ಸಂಚಿಕೆಗಳು ಹೇಗೂ ಆಗುತ್ತವೆ. ಆಗಲಿ. ಅದರ ಜೊತೆಗೆ, ಸಾಗರ, ಸೊರಬ, ಹೊಸನಗರ ಸೀಮೆಯವರಲ್ಲಿ ಒಂದು ಕೋರಿಕೆ. ಅಟ್ಟದ ಟ್ರಂಕನ್ನು ದೀಪಾವಳಿಯ ಸ್ವಚ್ಛತೆಗೆ ಮುಂಚೆ ಒಮ್ಮೆ ತೆರೆಯಿರಿ. ಗೇಣಿ ಚೀಟಿ, ಸೊಸೈಟಿ ವರದಿ, ಮಾರಿಜಾತ್ರೆಯ ಲೆಕ್ಕ, ಯಕ್ಷಗಾನದ ಕರಪತ್ರ, ಮುಳುಗಡೆಯ ನೋಟಿಸು ಏನೇ ಇರಲಿ, ಕಟ್ಟು ಬಿಚ್ಚದೆ, ಮೇಲೊಂದು ಚೀಟಿಯಲ್ಲಿ ಇದು ಯಾರ ಮನೆಯದು ಎಂದು ಬರೆದು ಊರಿನ ಗ್ರಂಥಾಲಯಕ್ಕೆ ಕೊಡಿ. ಕೊಡುವಾಗ ದಾಸ್ತಾನು ಪುಸ್ತಕದಲ್ಲಿ ಅದನ್ನು ನಮೂದಿಸಿ ಸಂಖ್ಯೆ ಹಾಕಿಸಿಕೊಂಡು, ಸಹಿ ಪಡೆಯದೆ ಮನೆಗೆ ಬರಬೇಡಿ.