ರೇಷ್ಮೆಗೆ ಅಂಟುವಾಳ, ದಿಶ್‌ದಾಶಾಕ್ಕೆ ಧೂಪ

ಅಡುಗೆ ಸೋಡಾದ ಮೇಲೆ ವಿನೆಗರ್ ಸುರಿದು, ಬುಸ್ಸೆಂದು ಎದ್ದ ನೊರೆ ಕಂಡು, ಬಟ್ಟೆ ಒಗೆಯುವ ಲಿಕ್ವಿಡ್ ಮನೆಯಲ್ಲೇ ಮಾಡಿಬಿಟ್ಟೆವು ಎಂದು ಬೀಗುವವರು ಮಸ್ಕತ್ತಿನ ಕನ್ನಡ ಮನೆಗಳಲ್ಲೂ ಇದ್ದಾರೆ. ಹುಳಿಯೂ ಕ್ಷಾರವೂ ಒಂದನ್ನೊಂದು ತಿಂದು ಮುಗಿಸಿದ ಮೇಲೆ ಉಳಿಯುವುದು ಉಪ್ಪುಪ್ಪು ನೀರು; ಕಾಲರಿನ ಕೊಳೆ ಇದ್ದಲ್ಲೇ ಇರುತ್ತದೆ. ಅಂಟುವಾಳ ಸಿಗುವವರು ಈ ನಾಟಕಕ್ಕೆ ಇಳಿಯಬಾರದು ಎಂಬುದು ನನ್ನ ಹಠ.

ಊರಿನಿಂದ ಬರುವವರ ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿಯ ಪಕ್ಕ ಒಂದು ಕಿಲೋ ಅಂಟುವಾಳಕ್ಕೆ ಜಾಗ ಕೇಳಿ. ಸುಕ್ಕುಗಟ್ಟಿದ, ಕಂದು ಬಣ್ಣದ, ಮುಟ್ಟಿದರೆ ತುಸು ಅಂಟುವ ಕಾಯೇ ಒಳ್ಳೆಯದು. ಜಜ್ಜಿ ಬೀಜ ಎಸೆಯಿರಿ. ನೊರೆ ಕೊಡುವ ಸಪೋನಿನ್ ಇರುವುದು ಸಿಪ್ಪೆಯಲ್ಲಿ. ಹತ್ತು ಹನ್ನೆರಡು ಕಾಯಿಯ ಸಿಪ್ಪೆಯನ್ನು ಒಂದು ಲೀಟರ್ ನೀರಲ್ಲಿ ರಾತ್ರಿಯಿಡೀ ನೆನೆಹಾಕಿ, ಬೆಳಿಗ್ಗೆ ಸಣ್ಣ ಉರಿಯಲ್ಲಿ 20 ನಿಮಿಷ ಕುದಿಸಿ, ಆರಿದ ಮೇಲೆ ಕಿವುಚಿ ಸೋಸಿ. ಉಕ್ಕೀತು, ದೊಡ್ಡ ಪಾತ್ರೆ ಇಡಿ. ಕಣ್ಣಿಗೆ ಹಾರಿದರೆ ಆ ಉರಿ ಬೇಗ ಮರೆಯುವಂಥದ್ದಲ್ಲ. ಇಲ್ಲಿನ ಸೆಕೆಯಲ್ಲಿ ಹೊರಗಿಟ್ಟ ರಸ ಬಹುಬೇಗ ಹಳಸುತ್ತದೆ. ಐಸ್ ಟ್ರೇಗೆ ಸುರಿದು ಫ್ರೀಜರಿನಲ್ಲಿಡಿ, ಬೇಕಾದಾಗ ನಾಲ್ಕು ತುಂಡು ತೆಗೆದುಕೊಳ್ಳಿ.

ಮೈಸೂರು ರೇಷ್ಮೆಗೆ ಇದೇ ಸರಿ. ರೇಷ್ಮೆ ಎಂದರೆ ಪ್ರೋಟೀನಿನ ಎಳೆ, ಕ್ಷಾರ ತಗಲಿದರೆ ಸವೆಯುತ್ತದೆ. ಅಂಟುವಾಳದ ರಸ ತುಸು ಹುಳಿಯ ಕಡೆಗೇ. ತಣ್ಣೀರಲ್ಲಿ ಅದ್ದಿ, ಹಿಂಡದೆ, ನೆರಳಲ್ಲಿ ಹರವಿ. ಇಲ್ಲಿನ ರೂವಿ ಬಡಾವಣೆಯ ತಾರಸಿಯ ಜೂನ್ ಬಿಸಿಲಿಗೆ ಸೀರೆ ಹಾಕುವವರಿಗೆ ನಾನು ಏನೂ ಹೇಳಲಾರೆ.

ಬೆವರು ಕುಡಿದ ಬನಿಯನ್‌ಗಳಿಗೆ, ಮಕ್ಕಳ ಬಿಳಿ ಅಂಗಿಗಳಿಗೆ ಮಾತ್ರ ಅಂಟುವಾಳ ಸಾಲದು, ಒಪ್ಪಿಕೊಳ್ಳೋಣ. ಅಡುಗೆ ಸೋಡಾವನ್ನು ಒವನ್‌ನಲ್ಲಿ 200 ಡಿಗ್ರಿಗೆ ಒಂದು ತಾಸು ಹುರಿದರೆ ನೀರೂ ಗಾಳಿಯೂ ಬಿಟ್ಟುಹೋಗಿ ವಾಷಿಂಗ್ ಸೋಡಾ ಆಗುತ್ತದೆ. ಅಲ್ಯೂಮಿನಿಯಂ ತಟ್ಟೆ ಬೇಡ, ಕೈಗೆ ಗವಸು ಇರಲಿ, ಹತ್ತಿ ಬಟ್ಟೆಗಷ್ಟೇ ಹಾಕಿ. ನಮ್ಮ ಅಗಸರು ಚೌಳು ಮಣ್ಣಿನಿಂದ ಪಡೆಯುತ್ತಿದ್ದದ್ದೂ ಇದೇ ಕ್ಷಾರವನ್ನು.

ಒಮಾನಿಗಳಿಗೂ ತಮ್ಮದೇ ಅಂಟುವಾಳವಿದೆ: ಸಿದ್ರ್ ಎಲೆ. ನಮ್ಮ ಬೋರೆ ಮರದ ದಾಯಾದಿ. ಇಲ್ಲಿನ ಹೆಸರಾಂತ ಜೇನು ಇದರ ಹೂವಿನದೇ. ಒಣಗಿಸಿ ಪುಡಿ ಮಾಡಿದ ಎಲೆ ತಲೆಗೂದಲಿಗೆ ಸೀಗೆಪುಡಿಯ ಕೆಲಸ ಮಾಡುತ್ತದೆ. ಮುಸ್ಲಿಮರು ಕೊನೆಯ ಸ್ನಾನದ ನೀರಿಗೂ ಬೆರೆಸುತ್ತಾರೆ. ಬಟ್ಟೆಗೆ ಹಾಕುವುದಾದರೆ ಗಾಢ ಬಣ್ಣದ್ದಕ್ಕೆ ಮಾತ್ರ, ಬಿಳಿಯದಕ್ಕೆ ಎಲೆಯ ಹಸಿರು ಹತ್ತೀತು.

ಒಗೆದ ಮೇಲಿನ ಸುವಾಸನೆಯಲ್ಲಂತೂ ಒಮಾನಿಗಳನ್ನು ಮೀರಿಸಲಾಗದು. ಧೂಪದ ಕುಂಡದ ಮೇಲೆ ಗೋಪುರದಂತೆ ಕಡ್ಡಿಗಳ ಚೌಕಟ್ಟು ನಿಲ್ಲಿಸಿ, ಅದಕ್ಕೆ ತಮ್ಮ ಉದ್ದ ನಿಲುವಂಗಿ ದಿಶ್‌ದಾಶಾ ಹೊದಿಸುತ್ತಾರೆ; ಕೆಳಗೆ ಬಖೂರ್ ಎಂಬ ಪರಿಮಳದ ಧೂಪ ಅಥವಾ ಧೋಫಾರಿನ ಲುಬಾನ್ ಅಂಟು ಹೊಗೆಯಾಡುತ್ತದೆ. ಬಾಣಂತಿಯ ಕೂದಲಿಗೆ ಸಾಂಬ್ರಾಣಿ ಹೊಗೆ ಹಿಡಿದ ಮನೆಗಳಿಂದ ಬಂದ ನಾವು ಫ್ಯಾಬ್ರಿಕ್ ಕಂಡಿಷನರ್ ಬಾಟಲಿ ಕೊಳ್ಳುವುದು ನನಗೆ ಅರ್ಥವಾಗಿಲ್ಲ.

ಒಂದು ಎಚ್ಚರಿಕೆ. ‘ನೈಸರ್ಗಿಕ ತಾನೆ’ ಎಂದು ಅಂಟುವಾಳದ ನೀರನ್ನು ವಾದಿಯ, ಅಂದರೆ ಕಣಿವೆಯ ಹಳ್ಳದ, ಹೊಂಡಕ್ಕೋ ಫಲಜ್ ಕಾಲುವೆಗೋ ಚೆಲ್ಲಬೇಡಿ. ಸಪೋನಿನ್ ಮೀನಿನ ಕಿವಿರಿಗೆ ವಿಷ. ಮಲೆನಾಡಿನಲ್ಲಿ ಕಾರೆಕಾಯಿ ಜಜ್ಜಿ ಹೊಳೆಗೆ ಹಾಕಿ ಮೀನು ಹಿಡಿಯುತ್ತಿದ್ದ ಗುಟ್ಟೂ ಅದೇ. ಫಲಜ್ ಬರೀ ಕಾಲುವೆಯೂ ಅಲ್ಲ; ನಿಜ್ವಾದ ಫಲಜ್ ದಾರಿಸ್ ಸೇರಿ ಐದು ಫಲಜ್‌ಗಳನ್ನು ಯುನೆಸ್ಕೊ 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಫಲಜ್ ನೀರಿಗೆ ಸರದಿಯಿದೆ: ಮೊದಲು ಕುಡಿಯಲು, ಸ್ನಾನ, ಒಗೆತ ಅದರ ಕೆಳಗೆ, ಕೊನೆಗೆ ಖರ್ಜೂರದ ತೋಟ. ಪಿಕ್ನಿಕ್ಕಿಗೆ ಹೋದಾಗ ಬಟ್ಟೆಯ ಬಕೆಟ್ ಮನೆಯಲ್ಲೇ ಇರಲಿ, ಒಗೆದ ನೀರು ಮನೆಯ ಮೋರಿಗೇ ಹೋಗಲಿ.