ತೆಂಗಿನ ಸೀಮೆಯ ಕೈಗೆ ಎಂಥ ಸೋಪು

ಅರಸೀಕೆರೆ ಸೀಮೆಯಲ್ಲಿ ಕೂತು ತೆಂಗಿನ ಮೇಲೆ ತಕರಾರು ಎತ್ತುವುದು ಸುಲಭವಲ್ಲ. ಇಲ್ಲಿ ಎಷ್ಟೋ ಮನೆ ಎದ್ದದ್ದು, ಮದುವೆ ಆದದ್ದು, ಮಕ್ಕಳು ಓದಿದ್ದು ಕೊಬ್ಬರಿ ದುಡ್ಡಿನಲ್ಲಿ. ಆದರೂ ಒಂದು ಮಾತು ಹೇಳಲೇಬೇಕು. ‘ನೂರಕ್ಕೆ ನೂರು ತೆಂಗಿನೆಣ್ಣೆ, ಪೂರ್ತಿ ನೈಸರ್ಗಿಕ, ಕೈಗೆ ಮೃದು’ ಎಂದು ಬರೆದುಕೊಂಡು ಬರುವ ಸೋಪಿನಲ್ಲಿ ಮೊದಲ ಎರಡು ಮಾತು ಸತ್ಯವೇ ಇರಬಹುದು, ಮೂರನೆಯದು ಸತ್ಯವಲ್ಲ. ದಿನಕ್ಕೊಮ್ಮೆ ಮೈಗೆ ಹಚ್ಚಿ ತೊಳೆದುಕೊಳ್ಳುವವರಿಗೆ ಅದು ಗೊತ್ತೇ ಆಗದು. ಹತ್ತು ಹದಿನೈದು ಸಲ ಕೈ ತೊಳೆಯುವವರಿಗೆ ಬೇಗ ಗೊತ್ತಾಗುತ್ತದೆ. ಗೆಣ್ಣುಗಳ ಮೇಲೆ ಬಿಳಿ ಹೊಟ್ಟು ಏಳುತ್ತದೆ, ಬೆರಳ ಸಂದು ಉರಿಯುತ್ತದೆ, ಸಾರಿಗೆ ಹುಣಸೆಹಣ್ಣು ಕಿವುಚುವಾಗ ಜೀವ ಹೋದಂತಾಗುತ್ತದೆ.

ಹಾಗೆ ತೊಳೆಯುವವರು ಕಡಿಮೆಯೇನಿಲ್ಲ. ಬೆಳಗ್ಗೆ ಸಂಜೆ ಹಾಲು ಕರೆದು ಡೈರಿಗೆ ಹಾಕುವ ಹೆಂಗಸರು, ಬಿಸಿಯೂಟದ ಅಡುಗೆಯವರು, ಆಸ್ಪತ್ರೆಯ ದಾದಿಯರು, ಹಸುಗೂಸಿನ ತಾಯಂದಿರು, ಬೇಲೂರು ಹಳೇಬೀಡಿನ ಹೋಟೆಲುಗಳಲ್ಲಿ ತಟ್ಟೆ ಎತ್ತುವ, ಲೋಟ ತೊಳೆಯುವ ಹುಡುಗರು. ಇವರ ಕೈಯನ್ನು ಮುಂದಿಟ್ಟುಕೊಂಡೇ ಸೋಪನ್ನು ಅಳೆಯಬೇಕು. ಪರಿಮಳ, ಕಟ್ಟಿದ ಸೆಣಬಿನ ದಾರ, ಮೇಲೆ ಒತ್ತಿದ ಹೂವಿನ ಎಸಳು ಇವೆಲ್ಲ ಆಮೇಲಿನ ಮಾತು.

ತೆಂಗಿನೆಣ್ಣೆಯ ಸೋಪು ಯಾಕೆ ಬಿರುಸು? ಎಣ್ಣೆಗೆ ಕಾಸ್ಟಿಕ್ ಸೋಡಾದ ನೀರು ಸೇರಿ ಕುದುರಿದಾಗ ಎರಡು ವಸ್ತು ಹುಟ್ಟುತ್ತವೆ, ಸೋಪು ಮತ್ತು ಗ್ಲಿಸರಿನ್. ಸೋಪಿನ ಗುಣ ಎಣ್ಣೆಯೊಳಗಿನ ಕೊಬ್ಬಿನಾಮ್ಲಗಳದ್ದು. ತೆಂಗಿನೆಣ್ಣೆಯಲ್ಲಿ ಸುಮಾರು ಅರ್ಧದಷ್ಟು ಲಾರಿಕ್ ಆಮ್ಲ. ಇದರ ಅಣು ಗಿಡ್ಡ. ಇದರಿಂದಾದ ಸೋಪು ನೀರಿನಲ್ಲಿ ಬೇಗ ಕರಗುತ್ತದೆ, ಕೂಡಲೇ ನೊರೆ ಬರುತ್ತದೆ, ಜಿಡ್ಡನ್ನು ಬುಡಸಮೇತ ಎಳೆಯುತ್ತದೆ. ಎಳೆಯುವಾಗ ಅದಕ್ಕೆ ಹೊರಗಿನ ಜಿಡ್ಡು, ಚರ್ಮದ ಸ್ವಂತ ಜಿಡ್ಡು ಎಂಬ ಭೇದ ತಿಳಿಯದು. ಚರ್ಮದ ಮೇಲ್ಪದರದ ಕೋಶಗಳ ನಡುವೆ ಗಾರೆಯಂತೆ ಕೂತಿರುವ ಕೊಬ್ಬು ಸವೆದರೆ ಒಳಗಿನ ತೇವ ಆರಿಹೋಗುತ್ತದೆ. ಒಂದು ಸಲ ಸವೆದದ್ದನ್ನು ದೇಹ ಕೆಲವು ಗಂಟೆಗಳಲ್ಲಿ ತುಂಬಿಕೊಳ್ಳುತ್ತದೆ. ಅರ್ಧ ಗಂಟೆಗೊಮ್ಮೆ ತೊಳೆದರೆ ಆ ಬಿಡುವು ಸಿಗುವುದಿಲ್ಲ. ಜೊತೆಗೆ ಯಾವ ಸೋಪೇ ಆಗಲಿ ಅದರ ಪಿಎಚ್ 9ರಿಂದ 10ರ ಆಸುಪಾಸು. ಚರ್ಮದ್ದು 5ರ ಹತ್ತಿರ.

ಹೀಗಿದ್ದೂ ನಮ್ಮ ಕಡೆ ತೆಂಗಿನ ಸೋಪು ಯಾಕೆ ಅಷ್ಟು ಹಿಡಿಸುತ್ತದೆ ಎಂಬುದಕ್ಕೆ ಉತ್ತರ ನೀರಿನಲ್ಲಿದೆ. ಅರಸೀಕೆರೆ ಒಣ ತಾಲ್ಲೂಕು. ಹಳ್ಳಿಗಳ ಕೊಳವೆ ಬಾವಿಗಳು ಆಳಕ್ಕಿಳಿದಷ್ಟೂ ನೀರು ಗಡಸಾಗುತ್ತದೆ. ತೊಗರಿಬೇಳೆ ಬೇಯದ ನೀರು, ಪಾತ್ರೆಯಲ್ಲಿ ಕುದಿಸಿದರೆ ಬಿಳಿ ಪೊರೆ ಕಟ್ಟುವ ನೀರು. ಅದರೊಳಗಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಕರಗದ ಗಸಿಯಾಗುತ್ತದೆ. ಬಕೆಟ್ಟಿನ ಅಂಚಿಗೆ, ಕೈಗೆ ಅಂಟಿಕೊಳ್ಳುವುದು ಅದೇ. ಕುಡಿಯುವ ನೀರಿನ ಗಡಸುತನಕ್ಕೆ ಭಾರತೀಯ ಮಾನಕ ಬ್ಯೂರೊ ಒಪ್ಪುವ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರೇ ಇಲ್ಲದ ಕಡೆ 600ರವರೆಗೆ ಸಹಿಸಬಹುದು ಎನ್ನುತ್ತದೆ. ಗಡಸು ನೀರಿನಲ್ಲಿ ಬೇರೆ ಸೋಪುಗಳು ಸೋತು ಕೂತಾಗ ತೆಂಗಿನ ಸೋಪು ನೊರೆ ಕೊಡುತ್ತದೆ. ಹಿಂದೆ ಹಡಗಿನವರು ಸಮುದ್ರದ ಉಪ್ಪುನೀರಿನಲ್ಲಿ ಮೀಯಲು ಒಯ್ಯುತ್ತಿದ್ದದ್ದೂ ತೆಂಗಿನೆಣ್ಣೆಯ ಸೋಪನ್ನೇ. ಯಾವ ಗುಣ ಗಡಸು ನೀರನ್ನು ಗೆಲ್ಲುತ್ತದೋ ಅದೇ ಗುಣ ಚರ್ಮವನ್ನೂ ಒಣಗಿಸುತ್ತದೆ. ನೊರೆ ನೋಡಿ ಒಳ್ಳೆಯ ಸೋಪೆಂದು ನಂಬುವ ನಮ್ಮ ಅಭ್ಯಾಸ ಇಲ್ಲಿ ಕೈಕೊಡುತ್ತದೆ.

ಬೇಲೂರಿನ ಮಾತು ಬೇರೆ. ಅದು ಮಲೆನಾಡಿನ ಸೆರಗು. ಪಕ್ಕದಲ್ಲೇ ಯಗಚಿ ಹರಿಯುತ್ತದೆ, ಅದಕ್ಕೆ ಅಣೆಕಟ್ಟೂ ಇದೆ. ಹೊಳೆ ನೀರು, ಮಳೆ ನೀರು ಬಹುಮಟ್ಟಿಗೆ ಮೆದು. ಅಲ್ಲಿ ಯಾವ ಸೋಪಾದರೂ ನೊರೆಯುತ್ತದೆ, ಹಾಗಾಗಿ ತೆಂಗಿನಂಶ ಕಡಿಮೆ ಇರುವ ಬಿಲ್ಲೆಯನ್ನು ಧೈರ್ಯವಾಗಿ ಕೊಳ್ಳಬಹುದು. ಹದಿನಾರು ಕಿಲೋಮೀಟರು ಆಚೆಯ ಹಳೇಬೀಡಿನಲ್ಲಿ ಉತ್ತರ ಮನೆಯಿಂದ ಮನೆಗೆ ಬದಲಾಗುತ್ತದೆ, ನಲ್ಲಿ ಎಲ್ಲಿಂದ ಬರುತ್ತದೆ ಎಂಬುದರ ಮೇಲೆ. ಸೋಪು ಆರಿಸುವ ಮೊದಲು ನೀರನ್ನು ನೋಡಿ ಎನ್ನುವುದು ಇದಕ್ಕೆ. ಒಂದು ಬಾಟಲಿಯಲ್ಲಿ ನಲ್ಲಿ ನೀರು, ಇನ್ನೊಂದರಲ್ಲಿ ಹಿಡಿದಿಟ್ಟ ಮಳೆನೀರು ಹಾಕಿ, ಒಂದೊಂದು ಚೂರು ಸೋಪು ಸೇರಿಸಿ ಅಲುಗಾಡಿಸಿದರೆ ಸಾಕು. ನಲ್ಲಿ ನೀರಿನ ಬಾಟಲಿಯಲ್ಲಿ ನೊರೆಯ ಬದಲು ಮೊಸರಿನಂಥ ಗಸಿ ನಿಂತರೆ ಅದು ಗಡಸು ನೀರು.

ಈಗ ಅಂಗಡಿಯ ಕಪಾಟಿಗೆ ಬರೋಣ. ಕನ್ನಡಿಗರ ಮನಸ್ಸಿನಲ್ಲಿ ಮೊದಲು ನಿಲ್ಲುವುದು ಮೈಸೂರು ಸ್ಯಾಂಡಲ್. ಮೊದಲ ಮಹಾಯುದ್ಧದಲ್ಲಿ ಶ್ರೀಗಂಧದ ರಫ್ತು ನಿಂತಾಗ, 1916ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ಹುಟ್ಟಿತು. ಸೋಪು ಮಾಡುವುದನ್ನು ಕಲಿಯಲು ಲಂಡನ್ನಿಗೆ ಹೋಗಿಬಂದವರು ಸೋಸಲೆ ಗರಳಪುರಿ ಶಾಸ್ತ್ರಿಗಳು. ಸ್ನಾನದ ಸೋಪಾಗಿ ಅದರ ಮೇಲೆ ನನಗೆ ಅಪಾರ ಗೌರವ. ಕೈ ತೊಳೆಯುವ ಜಾಗಕ್ಕೆ ಮಾತ್ರ ಅದನ್ನು ಶಿಫಾರಸು ಮಾಡಲಾರೆ. ಅದರ ಹಿರಿಮೆಯೆಲ್ಲ ಪರಿಮಳದಲ್ಲಿದೆ. ದಿನಕ್ಕೆ ಹದಿನೈದು ಸಲ ತೊಳೆಯುವ ಕೈಗೆ ಪರಿಮಳ ಬೇಡ. ಬಿರುಕುಬಿಟ್ಟ ಚರ್ಮಕ್ಕೆ ಯಾವ ಸುಗಂಧವೂ, ಅದು ಹೂವಿನಿಂದ ಬಂದಿರಲಿ ಮರದಿಂದ ಬಂದಿರಲಿ, ಅಲರ್ಜಿ ತರಬಲ್ಲದು. ನಿಂಬೆ, ದಾಲ್ಚಿನ್ನಿ ಎಣ್ಣೆ ಹಾಕಿದ ಕೈಕಸುಬಿನ ಸೋಪುಗಳಿಗೂ ಇದೇ ಆಕ್ಷೇಪ, ಇನ್ನೂ ಜೋರಾಗಿ.

ಟಿಎಫ್‌ಎಂ ನೋಡಿ ಕೊಳ್ಳಿ ಎಂಬ ಬುದ್ಧಿಮಾತು ಈಚೆಗೆ ಎಲ್ಲರ ಬಾಯಲ್ಲಿದೆ. ಸೋಪಿನಲ್ಲಿರುವ ಒಟ್ಟು ಕೊಬ್ಬಿನಂಶ ಅದು. ಟಾಯ್ಲೆಟ್ ಸೋಪಿನ ಮೊದಲ ದರ್ಜೆಗೆ ಕನಿಷ್ಠ ಶೇಕಡ 76, ಎರಡನೆಯದಕ್ಕೆ 70, ಮೂರನೆಯದಕ್ಕೆ 60; ‘ಬೇದಿಂಗ್ ಬಾರ್’ ಎಂದು ಬರೆದದ್ದಕ್ಕೆ 40 ಇದ್ದರೂ ಸಾಕು. ಈ ಅಂಕಿ ಉಪಯುಕ್ತವೇ. ಸುಣ್ಣ, ಪಿಷ್ಟ, ಟಾಲ್ಕ್ ತುಂಬಿ ತೂಕ ಹೆಚ್ಚಿಸಿದ ಮಾಲು ಇದರಿಂದ ಸಿಕ್ಕಿಬೀಳುತ್ತದೆ. ಆದರೆ ಇದು ಮೃದುತನದ ಅಳತೆಯಲ್ಲ. ಬರೀ ತೆಂಗಿನೆಣ್ಣೆಯಿಂದ ಮಾಡಿ ಚೆನ್ನಾಗಿ ಒಣಗಿಸಿದ ಬಿಲ್ಲೆಗೆ ಟಿಎಫ್‌ಎಂ ಬೇಕಾದಷ್ಟಿರುತ್ತದೆ, ಕೈಯನ್ನೂ ಬೇಕಾದಷ್ಟು ಒಣಗಿಸುತ್ತದೆ. ಕೊಬ್ಬು ಎಷ್ಟಿದೆ ಎಂದು ಈ ಅಂಕಿ ಹೇಳುತ್ತದೆ, ಯಾವ ಕೊಬ್ಬು ಎಂದು ಹೇಳುವುದಿಲ್ಲ.

ಸೋಪೇ ಬೇಡ, ಅಂಟುವಾಳ ಇದೆಯಲ್ಲ ಎನ್ನುವವರಿದ್ದಾರೆ. ಅಂಟುವಾಳ, ಸೀಗೆಕಾಯಿ ಎರಡರಲ್ಲೂ ನೊರೆ ಕೊಡುವ ಸಪೋನಿನ್ ಇದೆ; ರಸ ಕ್ಷಾರವಲ್ಲ, ಸ್ವಲ್ಪ ಹುಳಿ ಕಡೆಗೇ ಇರುತ್ತದೆ. ಗಡಸು ನೀರಿನಲ್ಲಿ ಗಸಿ ಕಟ್ಟುವುದಿಲ್ಲ. ರೇಷ್ಮೆ ಸೀರೆಗೆ, ಒಡವೆಗೆ, ತಲೆಗೆ ಅದಕ್ಕೆ ಸಮನಾದದ್ದು ಇಲ್ಲ. ಆದರೆ ನೆನೆಸಿದ ರಸ ಎರಡು ಮೂರು ದಿನದಲ್ಲಿ ಹುಳಿತು ನಾರುತ್ತದೆ, ಪುಡಿಯಾಗಿ ಬಳಸಿದರೆ ತರಿ ಚರ್ಮವನ್ನು ಗೀರುತ್ತದೆ. ಶೌಚದ ನಂತರ, ಮಗುವಿನ ಮಲ ತೊಳೆದ ನಂತರ, ಅಡುಗೆಗೆ ಮುಂಚೆ ನಾನು ಅದನ್ನು ನೆಚ್ಚಲಾರೆ. ಬೂದಿಯ ಬಗ್ಗೆ ಹೇಳುವುದಾದರೆ, ಅದಕ್ಕಿಂತ ನೈಸರ್ಗಿಕವಾದದ್ದು ಮತ್ತೇನಿದೆ? ತೆಂಗಿನ ಮಟ್ಟೆಯ ಬೂದಿಯಲ್ಲಿ ಪೊಟ್ಯಾಷ್ ತುಂಬಿದೆ. ಪಾತ್ರೆ ಫಳಫಳ ಹೊಳೆಯುವುದು ಅದರ ಖಾರದಿಂದ. ಪಾತ್ರೆಗೆ ಚರ್ಮವಿಲ್ಲ.

ಹಳಬರ ಪದ್ಧತಿಯಲ್ಲಿ ನಿಜವಾಗಿ ಎತ್ತಿಕೊಳ್ಳಬೇಕಾದದ್ದು ವಸ್ತುವನ್ನಲ್ಲ, ಕ್ರಮವನ್ನು. ಬೇಲೂರಿನ ಚೆನ್ನಕೇಶವ 1117ರದು. ಅದೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಸ್ನಾನಭೋಗಕ್ಕೆಂದೇ ಒಂದು ಭಾಗವಿದೆ: ಮೊದಲು ಎಣ್ಣೆ ತಿಕ್ಕುವುದು, ಆಮೇಲೆ ಪುಡಿಗಳಿಂದ ಜಿಡ್ಡು ತೆಗೆಯುವುದು. ನಮ್ಮ ದೀಪಾವಳಿಯ ಎಣ್ಣೆಸ್ನಾನದಲ್ಲೂ ಅದೇ ಕ್ರಮ. ತೆಗೆಯುವ ಮೊದಲು ಕೊಡುತ್ತಿದ್ದರು. ನಾವು ಕೊಡುವುದನ್ನು ಬಿಟ್ಟು ತೆಗೆಯುವುದನ್ನು ಮಾತ್ರ ಉಳಿಸಿಕೊಂಡಿದ್ದೇವೆ, ಅದೂ ದಿನಕ್ಕೆ ಹತ್ತಾರು ಸಲ.

ಒತ್ತಿದರೆ ಬರುವ ದ್ರವರೂಪದ ಹ್ಯಾಂಡ್‌ವಾಶ್‌ಗಳ ಸೀಸೆಯ ಮೇಲೂ ಈಗ ತೆಂಗಿನ ಚಿತ್ರ. ‘ತೆಂಗಿನಿಂದ ಪಡೆದದ್ದು’ ಎಂಬ ಮಾತು ಸುಳ್ಳಲ್ಲ, ಆದರೆ ಅದರಿಂದ ಏನೂ ತಿಳಿಯುವುದಿಲ್ಲ. ಸೋಡಿಯಂ ಲಾರಿಲ್ ಸಲ್ಫೇಟ್ ಮಾಡುವುದು ತೆಂಗಿನ ಅಥವಾ ತಾಳೆಬೀಜದ ಎಣ್ಣೆಯಿಂದಲೇ; ಚರ್ಮರೋಗ ಸಂಶೋಧಕರು ಬೇಕೆಂದೇ ಚರ್ಮವನ್ನು ಕೆರಳಿಸಿ ಪರೀಕ್ಷಿಸುವಾಗ ಬಳಸುವ ವಸ್ತು ಅದು. ಸೋಡಿಯಂ ಕೊಕೊಯಿಲ್ ಐಸೆಥಿಯೊನೇಟ್ ಬರುವುದೂ ತೆಂಗಿನಿಂದಲೇ; ಇಂದಿಗೆ ಸಿಗುವ ಅತಿ ಸೌಮ್ಯ ತೊಳೆಯುಕಗಳಲ್ಲಿ ಅದೊಂದು. ಅದರ ಬಿಲ್ಲೆಗಳ ಪಿಎಚ್ 5.5ರಿಂದ 7ರೊಳಗೆ ಇರುತ್ತದೆ, ಗಡಸು ನೀರಿಗೂ ಹೆದರುವುದಿಲ್ಲ. ಒಂದೇ ಕಾಯಿಯಿಂದ ಬಿರುಸಾದದ್ದೂ ಬರುತ್ತದೆ, ಮೃದುವಾದದ್ದೂ ಬರುತ್ತದೆ. ಕೊಳವೆ ಬಾವಿ ನೀರಿನ ಮನೆಯಲ್ಲಿ ಯಾರದಾದರೂ ಕೈ ಆಗಲೇ ಒಡೆದಿದ್ದರೆ, ನೈಸರ್ಗಿಕ ಎಂಬ ಹಟ ಬಿಟ್ಟು ಈ ಬಗೆಯ ಬಿಲ್ಲೆ ತನ್ನಿ ಎಂದೇ ನಾನು ಹೇಳುವುದು.

ಹಟ ಬಿಡದವರಿಗೂ ದಾರಿಯಿದೆ, ಅದು ಬೆರಕೆ ಎಣ್ಣೆಯ ಸೋಪು. ತೆಂಗು ಕಾಲುಭಾಗದಿಂದ ಮೂರನೇ ಒಂದು ಭಾಗದೊಳಗೆ, ಗಟ್ಟಿತನಕ್ಕೆ ಮತ್ತು ಸೌಮ್ಯತೆಗೆ ಹಿಪ್ಪೆ, ಜೊತೆಗೆ ಕಡಲೆಕಾಯಿ ಎಣ್ಣೆ, ನೊರೆ ನಿಲ್ಲಲು ಸ್ವಲ್ಪ ಹರಳೆಣ್ಣೆ. ಹುಚ್ಚೆಳ್ಳೆಣ್ಣೆ ಬೇಡ, ಬೇಗ ಕಮಟುತ್ತದೆ. ಹಿಪ್ಪೆಯಲ್ಲಿ ಒಲೀಕ್ ಆಮ್ಲದ ಜೊತೆ ಗಟ್ಟಿ ಕೊಬ್ಬೂ ಇದೆ, ಸೋಪಿಗೆ ಹೇಳಿ ಮಾಡಿಸಿದ ಎಣ್ಣೆ. ಹಾಸನದ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನ ಹೊಂಗೆ, ಹಿಪ್ಪೆ, ಬೇವುಗಳನ್ನು ಹೊಲದ ಬದುಗಳಿಗೆ ತಂದದ್ದು ಡೀಸೆಲ್ಲಿಗಾಗಿ. ಆ ಬೀಜದ ಒಂದು ಪಾಲು ಸೋಪಿಗೂ ಬರಲಿ ಎಂಬುದು ನನ್ನ ಬಹುದಿನದ ಆಸೆ. ಇದರಿಂದ ತೆಂಗು ಬೆಳೆಗಾರರಿಗೆ ಕುತ್ತೇನೂ ಇಲ್ಲ. ಅಟ್ಟದ ಮೇಲೆ ಎಂಟು ಹತ್ತು ತಿಂಗಳು ಒಣಗಿ ಗಿಟಕಾಗುವ ನಮ್ಮ ಉಂಡೆ ಕೊಬ್ಬರಿ ತಿನ್ನಲೆಂದು ಉತ್ತರದ ಕಡೆ ಹೋಗುವ ಮಾಲು. ಎಣ್ಣೆ ಕೊಬ್ಬರಿಯ ದೊಡ್ಡ ಪೇಟೆ ತಮಿಳುನಾಡಿನ ಕಾಂಗೇಯಂ.

ಕೈಕಸುಬಿನ ಸೋಪಿನ ಒಂದು ದೊಡ್ಡ ಅನುಕೂಲ ಗ್ಲಿಸರಿನ್. ಅನೇಕ ಕಾರ್ಖಾನೆಗಳು ಅದನ್ನು ಬೇರ್ಪಡಿಸಿ ಬೇರೆಯಾಗಿ ಮಾರಿಕೊಳ್ಳುತ್ತವೆ. ಮನೆಯಲ್ಲಿ ಕುದಿಸದೆ ಮಾಡಿದ ಬಿಲ್ಲೆಯಲ್ಲಿ ಅದು ಉಳಿದು ತೇವ ಹಿಡಿಯುತ್ತದೆ. ಮಾಡುವವರು ಲೆಕ್ಕಕ್ಕಿಂತ ನೂರಕ್ಕೆ ಐದರಿಂದ ಎಂಟು ಪಾಲು ಎಣ್ಣೆ ಹೆಚ್ಚು ಬಿಟ್ಟರೆ ಇನ್ನೂ ಹಿತ. ಕೊಳ್ಳುವಾಗ ಎರಡು ಪ್ರಶ್ನೆ ಕೇಳಿ: ಯಾವ ಎಣ್ಣೆ ಎಷ್ಟೆಷ್ಟು ಹಾಕಿದ್ದೀರಿ, ಎಷ್ಟು ವಾರ ಒಣಗಿಸಿದ್ದೀರಿ? ನಾಲ್ಕರಿಂದ ಆರು ವಾರ ಎಂಬ ಉತ್ತರ ಬರಬೇಕು. ಎಣ್ಣೆಯ ಪ್ರಮಾಣ ಗುಟ್ಟು ಎನ್ನುವವರ ಸೋಪನ್ನು ಅಲ್ಲೇ ಇಟ್ಟು ಬರಬಹುದು. ಬಿಲ್ಲೆಯ ಮೇಲೆ ತಯಾರಿಕಾ ಪರವಾನಗಿ ಸಂಖ್ಯೆ, ಬ್ಯಾಚ್, ತಿಂಗಳು ಇರಬೇಕು.

ರೋಗಾಣು ಕೊಲ್ಲುವ ಸೋಪಿಗೆ ಹೆಚ್ಚು ದುಡ್ಡು ಕೊಡುವ ಅಗತ್ಯವಿಲ್ಲ. ಸಾದಾ ಸೋಪು, ನೀರಿಗಿಂತ ಅದು ಮೇಲೆಂದು ತಯಾರಕರು ತೋರಿಸಿಕೊಡಲಿಲ್ಲವೆಂದೇ ಅಮೆರಿಕದ ಎಫ್‌ಡಿಎ 2016ರಲ್ಲಿ ಟ್ರೈಕ್ಲೋಸಾನ್ ಸೇರಿ 19 ವಸ್ತುಗಳನ್ನು ಜನಬಳಕೆಯ ಕೈಸೋಪುಗಳಿಂದ ತೆಗೆಸಿತು. ದಾದಿಯರಿಗೆ ಬೇರೆ ಸಲಹೆ: ಕೈಯಲ್ಲಿ ಕಾಣುವ ಕೊಳೆ ಇಲ್ಲದಾಗ ಆಲ್ಕೊಹಾಲ್ ರಬ್ ಸೋಪಿಗಿಂತ ಚರ್ಮಕ್ಕೆ ಮೇಲು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಶೇಕಡ 1.45ರಷ್ಟು ಗ್ಲಿಸರಿನ್ ಇರುವುದು ಚರ್ಮದ ಸಲುವಾಗಿಯೇ.

ಇನ್ನು ತೊಳೆಯುವ ರೀತಿ. ಬಿಸಿನೀರು ಬೇಡ, ತಣ್ಣೀರು ಸಾಕು. ಮೊದಲು ಕೈ ಒದ್ದೆ ಮಾಡಿಕೊಂಡು ಆಮೇಲೆ ಸೋಪು, ಇಪ್ಪತ್ತು ಸೆಕೆಂಡು ಉಜ್ಜುವುದು, ಉಂಗುರ ಬಳೆಗಳ ಅಡಿ ಸೋಪು ನಿಲ್ಲದಂತೆ ಜಾಲಿಸುವುದು, ತಿಕ್ಕದೆ ಒತ್ತಿ ಒರೆಸುವುದು. ಕೈಯಲ್ಲಿ ಇನ್ನೂ ಪಸೆ ಇರುವಾಗಲೇ ಗಾಣದ ತೆಂಗಿನೆಣ್ಣೆ ಎರಡು ಹನಿ ಹಚ್ಚಿಕೊಳ್ಳುವುದು. ಕ್ಷಾರದ ಜೊತೆ ಸೇರಿದಾಗ ಚರ್ಮ ಸುಲಿಯುವ ಎಣ್ಣೆಯೇ, ಎಣ್ಣೆಯಾಗಿಯೇ ಹಚ್ಚಿದರೆ ತೇವ ಆರದಂತೆ ಕಾಯುತ್ತದೆ. ತೆಂಗಿನ ಸೀಮೆಯವರು ತೆಂಗನ್ನು ಇಡಬೇಕಾದ ಜಾಗ ಸೋಪಿನ ಪೆಟ್ಟಿಗೆಯಲ್ಲಲ್ಲ, ಅದರ ಪಕ್ಕದ ಪುಟ್ಟ ಕುಪ್ಪಿಯಲ್ಲಿ. ಹಾಲು ಕರೆಯುವವರು ರಾತ್ರಿ ಮಲಗುವಾಗ ಧಾರಾಳವಾಗಿ ಹಚ್ಚಬೇಕು. ಬೆರಳ ಸಂದು ನೀರು ಸೋರಿ, ತುರಿಸಿ, ಕೀವು ಕಂಡರೆ ಎಣ್ಣೆಯೂ ಬೇಡ, ಸೋಪು ಬದಲಾಯಿಸುತ್ತ ತಿಂಗಳು ಕಳೆಯುವುದೂ ಬೇಡ; ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಿ ಚರ್ಮದ ಡಾಕ್ಟರಿಗೆ ಕೈ ತೋರಿಸಿ, ಬಳಸುತ್ತಿರುವ ಸೋಪಿನ ಕಾಗದವನ್ನೂ ಜೊತೆಗೆ ಒಯ್ಯಿರಿ.