ಕಲ್ಲಿನ ಹುಟ್ಟು, ಶಿಲ್ಪದ ಬೆಳಕು

ಉಳಿಯ ಕೌಶಲದೊಡನೆ ಕಲ್ಲಿನ ಹುಟ್ಟನ್ನೂ ಪರಿಗಣಿಸದ ಶಿಲ್ಪವಿಮರ್ಶೆ ಅಪೂರ್ಣ. ಬಾಗಲಕೋಟೆ ಜಿಲ್ಲೆಯಲ್ಲಿ ಇದಕ್ಕೆ ಎರಡು ನಿದರ್ಶನಗಳಿವೆ. ಇಳಕಲ್ಲಿನ ಗ್ರಾನೈಟು ಭೂಗರ್ಭದ ಶಿಲಾಪಾಕವು ನಿಧಾನವಾಗಿ ತಣಿದಾಗ ಬೆಳೆದ ಹರಳುಗಳ ಹೆಣಿಗೆ. ಅದರ ನಸುಗೆಂಪು ಫೆಲ್ಡ್‌ಸ್ಪಾರ್ ಹರಳಿನದು. ಬಿಗಿಯಾದ ಈ ರಚನೆ ಉಳಿಗೆ ಸುಲಭವಾಗಿ ಮಣಿಯದಿದ್ದರೂ ಹೊಳಪು ಪಡೆದು ಬೆಳಕನ್ನು ಪ್ರತಿಫಲಿಸುತ್ತದೆ. ಬಾದಾಮಿಯ ಹಾಗೂ ಹುನಗುಂದ ತಾಲ್ಲೂಕಿನ ಐಹೊಳೆಯ ಮರಳುಗಲ್ಲಾದರೋ ಪದರಪದರವಾಗಿ ಸಂಚಯಗೊಂಡ ಕಣಗಳಿಂದಾದುದು. ಕಣಗಳಿಗಂಟಿದ ಕಬ್ಬಿಣದ ಆಕ್ಸೈಡು ಅದಕ್ಕೆ ಕೆಂಪನ್ನಿತ್ತಿದೆ. ಬೆಳಕನ್ನು ಚದುರಿಸುವ ಅದರ ಮೈಮೇಲೆ ಆಕೃತಿಗಳು ಮೃದುವಾಗಿ ತೋರುತ್ತವೆ. ಆದರೆ ಈ ಕೆಂಪನ್ನು ಚಾಲುಕ್ಯ ಶಿಲ್ಪಿಯ ವರ್ಣಾಭಿರುಚಿಯೆಂದು ವ್ಯಾಖ್ಯಾನಿಸುವುದು ಸಲ್ಲದು. ಕ್ರಿ.ಶ. 578ರ ಶಾಸನವಿರುವ ಬಾದಾಮಿಯ ಮೂರನೆಯ ಗುಹೆಯಲ್ಲಿ ವರ್ಣಚಿತ್ರಗಳ ಕುರುಹುಗಳಿವೆ. ಅಂದಿನವರು ಕಂಡ ಗುಹೆ ಇಂದಿನಂತೆ ಬರಿಗಲ್ಲಿನದಾಗಿರಲಿಲ್ಲ. ಆದ್ದರಿಂದ ಕಲ್ಲು ಕೊಟ್ಟುದನ್ನೂ ಶಿಲ್ಪಿ ಮಾಡಿದುದನ್ನೂ ಕಾಲವು ಅಳಿಸಿದುದನ್ನೂ ವಿಮರ್ಶಕನು ಬೇರ್ಪಡಿಸಿ ನೋಡಬೇಕಾಗುತ್ತದೆ.